ಹದಿನಾರು ಅಂಗುಲದ ಹಲಗೆ

ಕಳೆದ ಸೋಮವಾರ ಆದೋನಿಯ ಒಂದು ಹತ್ತಿ ಗಿರಣಿಯ ಗೇಟಿನಲ್ಲಿ ಕಾವಲುಗಾರನೊಬ್ಬ ನನ್ನನ್ನು ಕಂಡು ಸ್ಟೂಲಿನಿಂದ ಎದ್ದು ನಿಂತ. ಎಡಗೈ ಎತ್ತಿ ನಮಸ್ಕರಿಸಿದ. (ಬಲಗೈ ಏಕೆ ಎತ್ತಲಿಲ್ಲ ಎಂಬುದೇ ಈ ವಾರದ ವಿಷಯ.)

ನಾನು ಹೋಗಿದ್ದು ಮ್ಯಾನೇಜರನ್ನು ದಬಾಯಿಸಲು. ಹತ್ತಿಯ ಧೂಳಿನಲ್ಲಿ ಕೆಮ್ಮುತ್ತ ದುಡಿಯುವ ಹೆಂಗಸರ ಪಾಡಿಗೆ ಹೊಣೆ ಯಾರು ಎಂದು ಕೇಳಲು. ಈ ಅಂಕಣಕ್ಕೆ ಆ ಪ್ರಶ್ನೆ ಹೊಸದಲ್ಲ, ನೀವು ಬಲ್ಲಿರಿ. ನೀರು ಬಾರದ ಕಾಲುವೆ, ಮೇಷ್ಟ್ರು ಬಾರದ ಶಾಲೆ, ಡಾಕ್ಟರು ಬಾರದ ಆಸ್ಪತ್ರೆ. ಎಲ್ಲರನ್ನೂ ಕೇಳಿದ್ದೇನೆ.

ಆ ಕಾವಲುಗಾರನ ಹೆಸರು ಹುಸೇನಪ್ಪ. ಎರಡು ವರ್ಷದ ಹಿಂದೆ ಅವನು ಗೋನೆಗಂಡ್ಲದ ಬಳಿಯ ಜಲಾಶಯದಲ್ಲಿ ಮೀನು ಹಿಡಿಯುತ್ತಿದ್ದ. ಅವನನ್ನು ನೀರಿನಿಂದ ಎಬ್ಬಿಸಿ ಈ ಸ್ಟೂಲಿನ ಮೇಲೆ ಕೂರಿಸಿದವಳು ನಾನು. ನಾನು ಮತ್ತು ಒಂದು ಕಂಪ್ಯೂಟರ್ ಎಂದು ಬರೆಯಬಹುದಿತ್ತು. ಬರೆದರೆ ತಪ್ಪು ಎರಡು ಪಾಲಾದೀತು. ಆದ್ದರಿಂದ ನಾನು ಎಂದಷ್ಟೇ ಬರೆಯುತ್ತೇನೆ.

ಗೋನೆಗಂಡ್ಲದಲ್ಲಿ ನನ್ನ ಸೋದರತ್ತೆಯ ಮನೆ. ಎಂ.ಎ. ಮುಗಿಸಿದ ವರ್ಷ ಅಲ್ಲಿಗೆ ಹೋದಾಗ ಹುಸೇನಪ್ಪ ನೀರಿಗಿಳಿಯುವುದನ್ನು ಮೊದಲ ಬಾರಿ ನೋಡಿದೆ. ನಾಲ್ಕು ಒಣ ಸೋರೆಬುರುಡೆಗಳನ್ನು ಹಗ್ಗದಲ್ಲಿ ಬಿಗಿದು, ಅವುಗಳ ಮೇಲೆ ಎದೆಯೂರಿ ಮಲಗಿ, ಕೈಯನ್ನೇ ಹುಟ್ಟು ಮಾಡಿಕೊಂಡು ಬಲೆಯತ್ತ ಸಾಗುತ್ತಿದ್ದ. ಅವನ ಬಲಭುಜ ಹಿಂದೊಮ್ಮೆ ಕೀಲು ತಪ್ಪಿ ಕೂಡಿಕೊಂಡಿತ್ತು. ಮೈಭಾರವನ್ನು ಬುರುಡೆಗಳು ಹೊರುತ್ತಿದ್ದುದರಿಂದ ಎಡಗೈಯೊಂದೇ ಸಾಕಾಗುತ್ತಿತ್ತು.

ಅದೇ ವಾರ ಒಂದು ಹಳೆಯ ವಿದೇಶಿ ಮ್ಯಾಗಜಿನ್ನಿನಲ್ಲಿ ಸರ್ಫ್‌ಬೋರ್ಡಿನ ಚಿತ್ರ ಕಂಡೆ. (ಸಮುದ್ರವನ್ನು ನಾನು ಇಂದಿಗೂ ಕಂಡಿಲ್ಲ. ಈಜೂ ಬಾರದು.) ಚಿತ್ರದಲ್ಲಿ ಒಬ್ಬ ನುಣ್ಣನೆಯ ಹಲಗೆಯ ಮೇಲೆ ಎದೆಯೂರಿ, ಕೈಯಿಂದ ನೀರು ತಳ್ಳುತ್ತ ಅಲೆಯ ಕಡೆಗೆ ಹೊರಟಿದ್ದ. ಥೇಟ್ ಹುಸೇನಪ್ಪನ ಭಂಗಿ. ಆಟ ಆಡುವವನಿಗೆ ಅಂಥ ಹಲಗೆ, ಹೊಟ್ಟೆಪಾಡಿನವನಿಗೆ ಸೋರೆಬುರುಡೆಯೇ? ನನ್ನ ರಕ್ತ ಕುದಿಯಿತು. ಅದು ಬೇಗ ಕುದಿಯುತ್ತದೆ.

ಆದೋನಿಯಲ್ಲಿ ಆಗಷ್ಟೇ ಬಟ್ಟೆಯಂಗಡಿಯೊಂದರ ಮಹಡಿಯ ಮೇಲೆ ಕಂಪ್ಯೂಟರ್ ಸೆಂಟರ್ ತೆರೆದಿತ್ತು. ಎ.ಸಿ. ಕೋಣೆ. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಸಂಸ್ಕೃತ ಪಂಡಿತರಾದ ನನ್ನ ತಂದೆ ಮೊದಲ ದಿನ ನನ್ನ ಜೊತೆ ಬಂದವರು ಬರಿಗಾಲಲ್ಲಿ ಹೊರಗೇ ನಿಂತು ಒಳಗೆ ಇಣುಕಿದರು. ಸ್ನಾನ ಮಾಡಿ ಬರಬೇಕಿತ್ತೇನೋ ಎಂದು ಪಿಸುಗುಟ್ಟಿದರು. ನಾನು ನಕ್ಕೆ. ನಗಬಾರದಿತ್ತು.

ಆರು ವಾರದ ಕೋರ್ಸು. ಮೂರನೆಯ ವಾರಕ್ಕೇ ನಾನು ಹುಸೇನಪ್ಪನಿಗೊಂದು ಸರ್ಫ್‌ಬೋರ್ಡ್ ಬಿಡಿಸಲು ಕೂತೆ. ಅಲ್ಲಿದ್ದುದು ನಕ್ಷೆ ತೆಗೆಯುವ ಸಾಫ್ಟ್‌ವೇರ್. ಬಿಂದುಗಳ ಅಳತೆ ಕೊಟ್ಟರೆ ಹಸಿರು ಗೆರೆ ತಾನೇ ಬಾಗಿ ಅವುಗಳನ್ನು ಕೂಡಿಸುತ್ತದೆ. ಅರ್ಧ ಬರೆದರೆ ಉಳಿದರ್ಧವನ್ನು ಕನ್ನಡಿಯಲ್ಲಿ ಕಂಡಂತೆ ಅದೇ ಬರೆಯುತ್ತದೆ. ಏಳಡಿ ಉದ್ದ, ಇಪ್ಪತ್ತೆರಡು ಅಂಗುಲ ಅಗಲ ಎಂದು ಒತ್ತಿದೆ. ಒಂದು ಬಿಂದು ತಪ್ಪಿ ಹಲಗೆಗೆ ಗೂನು ಬಂತು. ಇನ್ನೊಂದು ತಪ್ಪಿ ಬದನೆಕಾಯಿಯಾಯಿತು. ಎಂಟು ಸಂಜೆಗಳ ನಂತರ ಪರದೆಯ ಮೇಲೆ ಅದು ಮೀನಿನಂತೆ ಮೂಡಿದಾಗ ನನ್ನ ಕಣ್ಣು ತುಂಬಿತ್ತು.

ನಿಜದ ಅಳತೆಯಲ್ಲೇ ಪ್ರಿಂಟ್ ತೆಗೆದೆ. ಪ್ರಿಂಟರ್ ಕಿರುಗುಟ್ಟುತ್ತ ಹಾಳೆ ಉಗುಳಿತು. ಮೈದಾ ಅಂಟಿನಲ್ಲಿ ಎಲ್ಲವನ್ನೂ ಜೋಡಿಸಿ, ಸುರುಳಿ ಸುತ್ತಿ, ಎಮ್ಮಿಗನೂರಿನಲ್ಲಿ ಬಸ್ ಬದಲಿಸಿ ಗೋನೆಗಂಡ್ಲಕ್ಕೆ ಒಯ್ದೆ.

ಅಲ್ಲಿಯ ಬಡಗಿ ವೀರಾಚಾರಿಯವರು. ಬಾಗಿಲಿನ ಅಳತೆಯನ್ನು ಯಾವ ದೊಡ್ಡ ಮನುಷ್ಯನ ಮುಖ ನೋಡಿಯೂ ಬದಲಿಸದವರೆಂದು ಹೆಸರಾದವರು. ಈ ಕಾಗದ ಎಂಥ ಕೋಣೆಯಿಂದ ಬಂದಿದೆ ಎಂದು ನಮ್ಮತ್ತೆ ಮೊದಲೇ ವರ್ಣಿಸಿದ್ದರು. ಆಚಾರಿಯವರು ಚಪ್ಪಲಿ ಬಿಟ್ಟರು. ಕೈ ತೊಳೆದರು. ಸುರುಳಿಯನ್ನು ಕಣ್ಣಿಗೊತ್ತಿಕೊಂಡು ಬಿಡಿಸಿದರು. ಆಮೇಲೆ ಅಭ್ಯಾಸಬಲದಿಂದ ಅಳತೆಗೋಲನ್ನು ಅಡ್ಡಲಾಗಿ ಇಟ್ಟರು.

“ಅಮ್ಮಾರ, ನಡುವ ಹದಿನಾರಂಗಲ ಬರತೈತಿ. ಅಂವನ ಎದಿನ ಅದಕಿಂತ ಅಗಲ ಐತಿ. ಮಗ್ಗಲಾಗೂದಿಲ್ಲೇನ್ರಿ ಇದು?”

ನಾನು ಹೇಳಿದ್ದು ಅಕ್ಷರ ಅಕ್ಷರವೂ ನೆನಪಿದೆ. “ಆಚಾರ್ರ, ಇದು ಕಂಪ್ಯೂಟರ್ ಹಾಕಿದ್ದು. ಒಂದ್ ನೂಲು ಆ ಕಡಿ ಈ ಕಡಿ ಆಗಬಾರ್ದು.”

(ಬಡಗಿಯ ಲೆಕ್ಕದಲ್ಲಿ ನೂಲೆಂದರೆ ಅಂಗುಲದ ಎಂಟನೆಯ ಒಂದು ಪಾಲು.)

ಇಪ್ಪತ್ತೆರಡನ್ನು ಒತ್ತಿದ್ದು ನನ್ನದೇ ಬೆರಳು. ಹದಿನಾರನ್ನು ಕೇಳಿದ್ದು ನನ್ನದೇ ಕಿವಿ. ನಡುವೆ ಆರು ಅಂಗುಲ ಎಲ್ಲಿಗೆ ಹೋಯಿತು ಎಂದು ಕೇಳಿಕೊಳ್ಳಲು ವಿಶ್ವವಿದ್ಯಾಲಯದ ಪದವಿ ಬೇಕೇ? ಬಹುಶಃ ಪದವಿ ಇದ್ದುದರಿಂದಲೇ ಕೇಳಿಕೊಳ್ಳಲಿಲ್ಲ.

ಆಚಾರಿಯವರು ಎರಡನೆಯ ಸಲ ಬಾಯಿ ತೆರೆಯಲಿಲ್ಲ. ಚಪ್ಪಲಿ ಬಿಟ್ಟು ಮುಟ್ಟಿದ ಕಾಗದಕ್ಕೆ ಎದುರಾಡುವುದು ಹೇಗೆ? ಬೂರುಗದ ಹಗುರವಾದ ಹಲಗೆಗಳನ್ನು ಬೆಸೆದು, ಗೆರೆ ತಪ್ಪದಂತೆ ಕೊಯ್ದು, ಡಾಂಬರು ಬಳಿದು ಒಣಗಲಿಟ್ಟರು.

ಒಣಗುವ ಮೊದಲೇ ನಾನು ಈ ಅಂಕಣದಲ್ಲಿ ಬರೆದುಬಿಟ್ಟೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಒಬ್ಬ ಹೆಣ್ಣುಮಗಳು ಆರು ವಾರದಲ್ಲಿ ಮಾಡಿದ್ದನ್ನು ಸರ್ಕಾರ ಇಷ್ಟು ವರ್ಷ ಏಕೆ ಮಾಡಲಿಲ್ಲ ಎಂದು ಗುಡುಗಿದ್ದೆ. ಹುಸೇನಪ್ಪನಿಗೆ ಆ ಬುರುಡೆಗಳನ್ನು ಇನ್ನು ಯಾರಿಗಾದರೂ ಕೊಟ್ಟುಬಿಡು ಎಂದೆ. ಅವನು ಪೆದ್ದಕಡುಬೂರಿನ ಭಾವಮೈದುನನಿಗೆ ಕೊಟ್ಟ. ಹುಸೇನಪ್ಪನ ಹೆಂಡತಿ ಉರುಕುಂದಮ್ಮ ಮಾತ್ರ ಅಡ್ಡ ಬಂದಿದ್ದಳು. ಹೊಸದು ನೀರು ಕಾಣುವ ತನಕ ಹಳೆಯದು ಮನೆಯಲ್ಲಿರಲಿ ಎಂಬುದು ಅವಳ ವಾದ. ಅದನ್ನು ನಾನು ಹಿಂದುಳಿದ ಮನಸ್ಸಿಗೆ ಉದಾಹರಣೆಯೆಂದು ಇದೇ ಪುಟದಲ್ಲಿ ಅಚ್ಚು ಹಾಕಿಸಿದ್ದೆ.

ಹಲಗೆ ನೀರಿಗಿಳಿದ ಬೆಳಿಗ್ಗೆ ಕಟ್ಟೆಯ ಮೇಲೆ ಜನ ಸೇರಿದ್ದರು. ನನ್ನ ಕೈಯಲ್ಲಿ ಆ ವಾರದ ಪತ್ರಿಕೆ. ಹುಸೇನಪ್ಪ ಮಲಗಿದ. ಹಲಗೆ ಬಾಣದಂತೆ ಹೊರಟಿತು. ನಾನು ಚಪ್ಪಾಳೆ ತಟ್ಟಿದೆ. ಅವನು ಎರಡೂ ಕೈಯಿಂದ ಅಂಚು ಹಿಡಿದು, ಕಾಲಿನಿಂದಷ್ಟೇ ನೀರು ಒದೆಯುತ್ತಿದ್ದುದನ್ನು ನಾನು ಗಮನಿಸಲಿಲ್ಲ. ಕೈ ಬಿಟ್ಟರೆ ಹಲಗೆ ಸಮನಾಗಿ ನಿಲ್ಲುತ್ತಿರಲಿಲ್ಲ.

ಬಲೆಯ ಹತ್ತಿರ ಕೈ ಬಿಡಲೇಬೇಕಾಯಿತು.

ಹಲಗೆ ಮಗುಚಿತು. ಬಲಗೈ ಬಲೆಯಲ್ಲಿ ಸಿಕ್ಕಿಕೊಂಡಿತು, ಮೈ ಇನ್ನೊಂದು ಕಡೆಗೆ ತಿರುಗಿತು. ಹಳೆಯ ಕೀಲು ಮತ್ತೆ ಜಾರಿತು. ದಡದಲ್ಲಿದ್ದ ಬೆಸ್ತರು ಈಜಿ ಹೋಗಿ ಅವನನ್ನು ಎಳೆದು ತಂದರು. ನಾನೂ ನೀರಿಗಿಳಿದೆ, ಪಾದ ಮುಳುಗುವಷ್ಟು. ಸೀರೆಯ ಅಂಚು ಕೂಡ ಸರಿಯಾಗಿ ನೆನೆಯಲಿಲ್ಲ.

ಉರುಕುಂದಮ್ಮ ನನ್ನನ್ನು ಬೈಯಲಿಲ್ಲ. ಸೆರಗು ಹರಿದು ಗಂಡನ ಕೈಯನ್ನು ಎದೆಗೆ ಕಟ್ಟಿದಳು. ಆಮೇಲೆ ನನ್ನ ಕಡೆ ನೋಡದೆ, “ಬಸ್ಸಿನ ಹೊತ್ತಾತು, ನೀವು ಹೋಗ್ರಿ,” ಎಂದಳು.

ನಾನು ಹೋದೆ. ಅದು ನನ್ನ ಎರಡನೆಯ ತಪ್ಪು. ಮೊದಲನೆಯದಕ್ಕಿಂತ ದೊಡ್ಡದು.

ಆರು ಅಂಗುಲ ಎಲ್ಲಿ ಕಳೆದವು ಎಂಬುದು ಸೆಂಟರಿನಲ್ಲಿ ಹತ್ತೇ ನಿಮಿಷದಲ್ಲಿ ತಿಳಿಯಿತು. ಪ್ರಿಂಟರ್ ಉದ್ದಕ್ಕೆ ಇಡುವ ಚುಕ್ಕೆಗಳ ಅಂತರ ಬೇರೆ, ಅಡ್ಡಕ್ಕೆ ಇಡುವುದರ ಅಂತರ ಬೇರೆ. ಆ ವ್ಯತ್ಯಾಸವನ್ನು ನಾವು ಮುಂಚೆಯೇ ಸರಿಹೊಂದಿಸಬೇಕು. ನನಗೆ ಯಾರೂ ಹೇಳಿಯೇ ಇಲ್ಲ ಎಂದು ಮೇಷ್ಟ್ರ ಮೇಲೆ ರೇಗಿದೆ. ಅವರು ನನ್ನ ನೋಟ್‌ಬುಕ್ಕನ್ನೇ ತೆರೆದು ತೋರಿಸಿದರು. ಮೊದಲ ವಾರದ ಪಾಠ. ಅವರು ತೆಲುಗಿನಲ್ಲಿ ಹೇಳಿದ್ದನ್ನು ಹಾಗೆಯೇ ಬರೆದುಕೊಂಡಿದ್ದೆ: “ಪ್ರಿಂಟ್ ತೀಸಿನಾಕ ಸ್ಕೇಲ್ ಪೆಟ್ಟಿ ಚೂಡಂಡಿ.” ಪ್ರಿಂಟ್ ತೆಗೆದ ಮೇಲೆ ಸ್ಕೇಲ್ ಇಟ್ಟು ನೋಡಿ. ನನ್ನದೇ ಅಕ್ಷರ. ಕೆಳಗೆ ನಾನೇ ಎಳೆದ ಕೆಂಪು ಗೆರೆ.

ಸ್ಕೇಲ್ ಇಟ್ಟು ನೋಡಿದವರು ಒಬ್ಬರೇ. ಅವರ ಬಾಯಿಯನ್ನು ನಾನು ಮುಚ್ಚಿಸಿದ್ದೆ.

ಮುಂದಿನ ವಾರ ಏನು ಬರೆದೆ ಗೊತ್ತೇ? ಆದೋನಿ ಬಸ್ ನಿಲ್ದಾಣದ ಒಣ ನಲ್ಲಿಗಳ ಬಗ್ಗೆ. ‘ಹೊಣೆ ಯಾರು?’ ಎಂಬುದೇ ಅದರ ಕೊನೆಯ ಸಾಲು. ಅನೇಕರು ಮೆಚ್ಚಿ ಕಾರ್ಡು ಬರೆದಿರಿ. ಹಲಗೆ ಏನಾಯಿತು ಎಂದು ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ನಾನು ಬದುಕಿಕೊಂಡೆ.

ಹುಸೇನಪ್ಪನ ಭುಜ ಸರಿಹೋಗಲಿಲ್ಲ. ಬಲೆ ಎಳೆಯಲಾರದವನು ನೀರಿನ ಹತ್ತಿರ ಇದ್ದು ಏನು ಮಾಡುತ್ತಾನೆ? ಗಂಡ ಹೆಂಡತಿ ಇಬ್ಬರೂ ಆದೋನಿಗೆ ಬಂದರು. ಅವನು ಗೇಟಿನಲ್ಲಿ, ಉರುಕುಂದಮ್ಮ ಒಳಗೆ ಹತ್ತಿಯ ಧೂಳಿನಲ್ಲಿ. ಇದು ನನಗೆ ತಿಳಿದದ್ದು ಕಳೆದ ಸೋಮವಾರ.

ಅವನ ಮುಖದಲ್ಲಿ ಸಿಟ್ಟು ಹುಡುಕಿದೆ. ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ನಗುತ್ತ ನಮ್ಮತ್ತೆಯ ಕ್ಷೇಮ ವಿಚಾರಿಸಿದ. ಆಚಾರಿಯವರ ಮಗಳ ಮದುವೆಯ ಸುದ್ದಿ ಹೇಳಿದ. ಕೊನೆಗೆ, ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಕೇಳುವವನಂತೆ, ದನಿ ತಗ್ಗಿಸಿದ.

“ಅಮ್ಮಾರ, ಆ ಮಿಷಿನ್ನು ಈಗ ಚಲೋ ಐತೇನ್ರಿ? ಪಾಪ, ಆಗಿನ್ನೂ ಹೊಸಾದಿತ್ತು. ನೀರಂದ್ರ ಏನಂತ ಅದಕ್ಕರ ಹೆಂಗ ಗೊತ್ತಾಗಬೇಕು.”

ಎರಡು ವರ್ಷ ಅವನು ಯಂತ್ರವನ್ನು ಕ್ಷಮಿಸುತ್ತ ಕೂತಿದ್ದಾನೆ. ನನ್ನನ್ನು ಕ್ಷಮಿಸಬೇಕಿದೆ ಎಂಬುದೇ ಅವನಿಗೆ ಹೊಳೆದಿಲ್ಲ. ಆಗಲಾದರೂ ಹೇಳಬಹುದಿತ್ತು. ನಾನು, ಚಲೋ ಐತಿ ಎಂದೆ. ಅಷ್ಟೇ ಅಂದು ಒಳಗೆ ನಡೆದೆ.

ಮ್ಯಾನೇಜರ್ ಮರ್ಯಾದಸ್ಥ. ಟೀ ತರಿಸಿದ. ಧೂಳಿಗೆ ಕಾರಣವೇನೆಂದು ಕೇಳಿದರೆ ಕೈ ಚೆಲ್ಲಿ, ಮಿಷನ್ ಪ್ರಾಬ್ಲಂ ಅಮ್ಮಾ ಎಂದ. ಇನ್ನಾವ ದಿನವಾದರೂ ಆ ಮಾತಿಗೆ ನಾನು ಅವನನ್ನು ಸೀಳಿಹಾಕುತ್ತಿದ್ದೆ. ಅಂದು ಟೀ ಕುಡಿದು ಎದ್ದು ಬಂದೆ.

ಎರಡು ವರ್ಷ ತಡವಾಗಿ ಇದನ್ನು ಬರೆದಿದ್ದೇನೆ. ಹುಸೇನಪ್ಪನಿಗೆ ಓದು ಬಾರದು. ಪತ್ರಿಕೆ ಬಂದ ದಿನ ನಾನೇ ಗೇಟಿಗೆ ಹೋಗಿ, ಉರುಕುಂದಮ್ಮನನ್ನೂ ಕರೆಸಿ, ಓದಿ ಹೇಳುತ್ತೇನೆ. ಓದಿ ಮುಗಿಯುವವರೆಗೆ ಅವನು ಕೂತಿರಬೇಕು, ನಾನು ನಿಂತಿರಬೇಕು ಎಂಬುದು ನನ್ನ ಆಸೆ. ಆದರೆ ನನ್ನನ್ನು ಕಂಡೊಡನೆ ಅವನು ಸ್ಟೂಲಿನಿಂದ ಎದ್ದುಬಿಡುತ್ತಾನೆ.

ಅದಕ್ಕೆ ಹೊಣೆ ಯಾರು?