ಯುಗಾದಿಯಂದು ಕಂಡ ಕರಿ ಕೊಕ್ಕರೆ

ತೊಂಬತ್ತರ ದಶಕದ ತಿರುವನಂತಪುರದಲ್ಲಿ ನಮಗೆ ಗೊತ್ತಿದ್ದ ಕನ್ನಡದ ಮನೆಗಳು ಎಷ್ಟು ಕಡಿಮೆಯೆಂದರೆ, ಯುಗಾದಿಗೆ ಎಲ್ಲರೂ ಒಂದೇ ಮನೆಯಲ್ಲಿ ಊಟಕ್ಕೆ ಕೂರುತ್ತಿದ್ದೆವು. ಆಗೆಲ್ಲ ಬೇವು-ಬೆಲ್ಲ ತರುವ ಪಾಲು ನಮ್ಮದು. ಹೂಬಿಟ್ಟ ಬೇವಿನ ಮರ ಇದ್ದದ್ದು ನಮ್ಮ ಕ್ವಾರ್ಟರ್ಸಿನ ಅಂಗಳದಲ್ಲಿ ಮಾತ್ರ. ಬೇವು-ಬೆಲ್ಲ ಬಾಯಿಗೆ ಬೀಳುವವರೆಗೆ ದೊಡ್ಡವರು ಕಾಫಿಯನ್ನೂ ಮುಟ್ಟುತ್ತಿರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಅಮ್ಮ ಒಬ್ಬಟ್ಟು ಮಾಡಲೆಂದು ಬೆಳಗ್ಗೆಯೇ ಆ ಸಲದ ಊಟವಿದ್ದ ಪೂಜಪ್ಪುರದ ಶಾರದಮ್ಮಜ್ಜಿಯ ಮನೆಗೆ ಹೋಗಿದ್ದಳು. ಬೇವು-ಬೆಲ್ಲದ ಡಬ್ಬಿಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಅಪ್ಪ ಮುಂದೆ, ನನ್ನ ಪುಟ್ಟ ಸೈಕಲ್ಲಿನಲ್ಲಿ ನಾನು ಹಿಂದೆ. ಅಪ್ಪನಿಗೆ ಹಕ್ಕಿಗಳ ಹುಚ್ಚು. ಹಬ್ಬದ ಪಂಚೆ ಉಟ್ಟರೂ ಕೊರಳಲ್ಲಿ ದುರ್ಬೀನು ತೂಗಲೇಬೇಕು.

ವೆಳ್ಳಾಯಣಿ ಕೆರೆಯ ಪಕ್ಕದ ಗದ್ದೆಬಯಲಿಗೆ ಬಂದಾಗ ಅಪ್ಪ ಗಕ್ಕನೆ ಬ್ರೇಕ್ ಹಾಕಿದರು. ದೊಡ್ಡ ಹಕ್ಕಿಯೊಂದು ನಮ್ಮ ತಲೆಯ ಮೇಲೆ ಹಾದು ಆಚೆ ದಡದ ಕಡೆಗೆ ಹೋಯಿತು.

"ಕರಿ ಕೊಕ್ಕರೆ ಕಣೇ! ಇಲ್ಲೆಲ್ಲ ಬರೋದೇ ಇಲ್ಲ ಅದು." ಅಪ್ಪ ಗಡಿಯಾರ ನೋಡಿಕೊಂಡರು. "ಅಲ್ಲಿ ಎಲ್ರೂ ಕಾಯ್ತಿರ್ತಾರೆ. ಏನ್ಮಾಡೋಣ, ನೀನೇ ಹೇಳು."

"ಪೋಗಾಂ ಅಪ್ಪಾ, ಪೋಗಾಂ!" ನನ್ನ ಬಾಯಿಗೆ ಮೊದಲು ಬರುತ್ತಿದ್ದುದು ಮಲಯಾಳಂ. ಹೋಗೋಣ ಎಂದು ನಾನು ಹೇಳುವುದನ್ನೇ ಕಾಯುತ್ತಿದ್ದವರಂತೆ ಅಪ್ಪ ಹ್ಯಾಂಡಲ್ ತಿರುಗಿಸಿದರು.

ಗದ್ದೆಯ ಬದುವಿನ ಮೇಲೆ ಸೈಕಲ್ ತಳ್ಳಿಕೊಂಡು ಹೋದೆವು. ಜಾರಿದೆವು, ನಕ್ಕೆವು, ಹೊತ್ತು ಹೋದದ್ದೇ ತಿಳಿಯಲಿಲ್ಲ. ಕೊನೆಗೆ ತಾವರೆ ಎಲೆಗಳ ಅಂಚಿನಲ್ಲಿ ಸಿಕ್ಕಿತು. ಕಪ್ಪು ಮೈ, ಬಿಳಿ ಹೊಟ್ಟೆ, ಕೆಂಪು ಕೊಕ್ಕು, ಕೆಂಪು ಕಾಲು. ಮೊದಲು ನೀನು ನೋಡು ಅಂತ ಅಪ್ಪ ದುರ್ಬೀನನ್ನು ನನ್ನ ಕೊರಳಿಗೇ ಹಾಕಿದರು. ಅಷ್ಟು ಖುಷಿಯಾಗಿದ್ದ ಅಪ್ಪನನ್ನು ನಾನು ಆಮೇಲೆ ನೋಡಿಲ್ಲ.

ಪೂಜಪ್ಪುರ ತಲುಪಿದಾಗ ಮಧ್ಯಾಹ್ನ ಮೀರಿತ್ತು. ಒಬ್ಬಟ್ಟಿನ ಸಾರಿನ ಘಮ ಗೇಟಿಗೇ ಬರುತ್ತಿತ್ತು, ಒಳಗೆ ಮಾತ್ರ ಸದ್ದಿಲ್ಲ. ಸಕ್ಕರೆ ಕಾಯಿಲೆಯ ಶಾರದಮ್ಮಜ್ಜಿ ತಲೆಸುತ್ತಿ ಚಾಪೆಯ ಮೇಲೆ ಮಲಗಿದ್ದರು. ಅಮ್ಮ ಗಾಳಿ ಬೀಸುತ್ತಿದ್ದಳು. ಯಾರು ಎಷ್ಟು ಹೇಳಿದರೂ ಬೇವು-ಬೆಲ್ಲ ಬಾರದೆ ಏನೂ ತಿನ್ನಲೊಲ್ಲೆ ಅಂದಿದ್ದರಂತೆ ಅಜ್ಜಿ.

"ಪಂಕ್ಚರ್ ಆಗಿಬಿಡ್ತು," ಅಂದರು ಅಪ್ಪ.

ಒಬ್ಬರೂ ಅನುಮಾನ ಪಡಲಿಲ್ಲ. ಅಜ್ಜಿ ಬೇವು-ಬೆಲ್ಲ ತಿಂದು, ಸ್ವಲ್ಪ ಹೊತ್ತಿಗೆ ಎದ್ದು ಕೂತು, ನನ್ನ ಕಾಲಿನ ಕೆಸರನ್ನು ತಮ್ಮ ಸೆರಗಿನಿಂದಲೇ ಒರೆಸಿದರು. "ಪಾಪ, ಮಗು ಬಿಸಿಲಲ್ಲಿ ಸೈಕಲ್ ತಳ್ಕೊಂಡು ಬಂದಿದೆ. ಮೊದ್ಲು ಇವಳಿಗೆ ಬಡಿಸ್ರೇ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಡಿಸಿದ ಒಬ್ಬಟ್ಟನ್ನು ಎಲೆಯ ಅಂಚಿಗೆ ಸರಿಸಿದೆ. ಅಪ್ಪ ಎಲೆಯಿಂದ ತಲೆ ಎತ್ತಲಿಲ್ಲ.

ಒಂದು ಮಿಂಚುಳ್ಳಿ ಕಂಡರೂ ಇಡೀ ಕಾಲೊನಿಗೆ ಸಾರಿ ಬರುತ್ತಿದ್ದವರು ಅಪ್ಪ. ಈ ಹಕ್ಕಿಯ ವಿಷಯವನ್ನು ಮಾತ್ರ ಯಾರಿಗೂ ಹೇಳುವಂತಿರಲಿಲ್ಲ. ಹೇಳಿದರೆ ಪಂಕ್ಚರಿನ ಸುಳ್ಳು ಬಯಲಾಗುತ್ತಿತ್ತು. ಒಮ್ಮೆ ನಾವಿಬ್ಬರೇ ಇದ್ದಾಗ ನಾನು "ಅಪ್ಪಾ, ಆ ಕೊಕ್ಕರೆ..." ಅಂದದ್ದಕ್ಕೆ, "ಬೇಡ ಪುಟ್ಟೀ" ಅಂದು ಎದ್ದು ಹೋದರು.

ಅಜ್ಜಿ ತೀರಿಕೊಂಡು ಬಹಳ ಕಾಲವಾಯಿತು. ಕನ್ನಡದ ಆ ಮನೆಗಳವರೆಲ್ಲ ನಿವೃತ್ತಿಯಾಗಿ ಊರು ಸೇರಿದರು. ಈಗ ಯಾರ ಮುಂದೆ ಬೇಕಾದರೂ ಆ ಹಕ್ಕಿಯ ಸುದ್ದಿ ತೆಗೆಯಬಹುದು. ಕಣ್ಣರಳಿಸಿ ಹೇಳಬೇಕಾದ ಅಪ್ಪನೇ ಇಲ್ಲ.