ಅಮ್ಮನಿಗೂ ಓದಿ ಹೇಳು

ಸ್ನೇಹಿತರೇ, ಇವತ್ತು ನಮ್ಮ ಸೊರಬದ ಶಾಲೆಯ ಸ್ಟಾಫ್ ರೂಮಿಗೆ ಕ್ಯಾಸನೂರು ಕಡೆಯ ಹುಡುಗಿಯೊಬ್ಬಳು ಬಂದಳು. ಹೋದ ಬೇಸಿಗೆಯಲ್ಲಿ ಮಂಗನ ಕಾಯಿಲೆಗೆ ಅವಳ ತಾಯಿ ತೀರಿಕೊಂಡರು. 'ನನ್ನ ಅಮ್ಮ' ಪ್ರಬಂಧದಲ್ಲಿ ಅದನ್ನೇ ಬರೆದಿದ್ದಳು. ಕೆಳಗೆ ಕನ್ನಡ ಮೇಷ್ಟ್ರ ಷರಾ: "ಸೊಗಸಾಗಿದೆ. ಮನೆಯಲ್ಲಿ ಅಮ್ಮನಿಗೂ ಓದಿ ಹೇಳು."

"ಸರ್, ಯಾರಿಗೆ ಓದಿ ಹೇಳ್ಲಿ?" ಅಂದಳು. ಮೇಷ್ಟ್ರು ಪುಸ್ತಕ ಇಸಿದುಕೊಂಡು, "ಆಮೇಲೆ ಬಾ" ಅಂದರು.

ಅವಳು ಹೋದ ಮೇಲೆ ನಾನು ರೇಗಿದೆ. "ಏನ್ರೀ ಇದು? ಅವಳ ಅಮ್ಮನ ಮಣ್ಣಿಗೆ ನಾವಿಬ್ರೂ ಹೋಗಿದ್ವಲ್ರೀ!"

"ಓದ್ಲೇ ಇಲ್ಲ ಕಣ್ರೀ. ವಿಷಯ ಹೇಳಿ, ಇಡೀ ಕ್ಲಾಸಿಗೆ ಎಐ ಹತ್ರ ಷರಾ ಬರೆಸ್ಕೊಂಡೆ."

"ಮೊದ್ಲು ಹೋಗಿ ಆ ಮಗು ಹತ್ರ ಕ್ಷಮೆ ಕೇಳ್ರೀ."

"ಕೇಳ್ಲೇಬೇಕು" ಅಂತ ಮೊಬೈಲ್ ತೆಗೆದರು. "ಹೇಗೆ ಕೇಳೋದು ಅಂತ ಇದರಲ್ಲೇ ನೋಡ್ತೀನಿ."

ಅದು ಬರೆದುಕೊಟ್ಟಿತು. ಕಣ್ಣಲ್ಲಿ ನೀರು ಬರೋ ಹಾಗೆ.