ಭಾವನ ಹಳದಿ ಗೀಟು

ನನ್ನ ಅಕ್ಕನ ಗಂಡನಿಗೆ ಕಾರಿನ ಚಕ್ರ ನೇರ ಮಾಡುವ ಕೆಲಸ. ಕಂಪ್ಯೂಟರ್ ಇಟ್ಟುಕೊಂಡು ವೀಲ್ ಅಲೈನ್‌ಮೆಂಟ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಭಾವನ ಹತ್ತಿರ ಇದ್ದದ್ದು ಎರಡು ದಾರ, ಒಂದು ಸ್ಟೀಲ್ ಸ್ಕೇಲು. ಕಾರಿನ ಎರಡೂ ಪಕ್ಕಕ್ಕೆ ದಾರ ಬಿಗಿದು ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡಿ, ಒಂದೂವರೆ ಮಿಲ್ಲಿಮೀಟರ್ ಒಳಗಿದೆ ಎಂದರೆ ಮುಗಿಯಿತು, ಒಂದೂವರೆಯೇ. ಬಟ್ಟೆ ಒಣಹಾಕುವುದಕ್ಕಾ ಈ ದಾರ ಎಂದು ನಾನು ರೇಗಿಸುತ್ತಿದ್ದೆ. ಅವರು ನಕ್ಕು ಮತ್ತೆ ದಾರಕ್ಕೆ ಕಣ್ಣಿಡುತ್ತಿದ್ದರು. ಅವರದು ಮಾತು ಕಡಿಮೆ. ನನಗೆ ಬಾಯಿ ದೊಡ್ಡದು, ಕೋಪವಂತೂ ಮೂಗಿನ ತುದಿಯಲ್ಲೇ.

ಭಾವನದೊಂದು ಕ್ರಮವಿತ್ತು. ನಟ್ಟು ಬಿಗಿ ಮಾಡಿದ ತಕ್ಷಣ ಅದರ ಮೇಲಿಂದ ಪಕ್ಕದ ರಾಡಿನವರೆಗೆ ಹಳದಿ ಬಣ್ಣದಲ್ಲಿ ಒಂದು ಗೀಟು ಎಳೆಯುವುದು. ಆಮೇಲೆ ಯಾರಾದರೂ ನಟ್ಟು ತಿರುಗಿಸಿದರೆ ಗೀಟು ಎರಡು ತುಂಡಾಗಿ ಕಾಣುತ್ತದೆ. ಗೀಟೇ ಇಲ್ಲವೆಂದರೆ ಆ ನಟ್ಟನ್ನು ಭಾವ ಬಿಗಿ ಮಾಡಿಲ್ಲ ಎಂದೇ ಅರ್ಥ. ಫೋನ್ ಹೊಡೆದುಕೊಂಡರೂ, ಅಕ್ಕ ಊಟಕ್ಕೆ ಕೂಗಿದರೂ, ಗೀಟು ಎಳೆಯದೆ ಅವರು ಕಾರಿನಡಿಯಿಂದ ಏಳುತ್ತಿರಲಿಲ್ಲ.

ನನಗೆ ಡ್ರಿಫ್ಟ್ ಹುಚ್ಚು. ತಿರುವಿನಲ್ಲಿ ಕಾರಿನ ಹಿಂಭಾಗವನ್ನು ಬೇಕೆಂದೇ ಜಾರಿಸಿ, ಅಡ್ಡಡ್ಡಲಾಗಿ ಓಡಿಸುವ ಆಟ ಅದು. ಅದಕ್ಕೆ ಹಿಂದಿನ ಚಕ್ರ ತಳ್ಳುವ ಕಾರೇ ಬೇಕು. ಅಂಥದ್ದೊಂದು ಎರಡು ಬಾಗಿಲಿನ ಹಳೆಯ ಕಾರನ್ನು ಭಾವನ ಶೆಡ್ಡಿಗೆ ತಂದು ನಿಲ್ಲಿಸಿದೆ. ಮಾತು ಕಡಿಮೆಯ ಭಾವ ಕೂಡ, ಜೀವಮಾನವಿಡೀ ಚಕ್ರ ನೇರ ಮಾಡಿದೆ, ಈಗ ಭಾಮೈದ ಸೊಟ್ಟ ಮಾಡಿಕೊಡು ಅಂತಾನೆ ಎಂದು ಸಿಕ್ಕವರ ಹತ್ತಿರವೆಲ್ಲ ಹೇಳಿಕೊಂಡು ನಕ್ಕರು. ಆದರೂ ಮೂರು ತಿಂಗಳ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದರು. ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವ ಹಾಗೆ ಡಿಫರೆನ್ಷಿಯಲ್ ಲಾಕ್ ಮಾಡಿದರು, ಗಟ್ಟಿ ಸ್ಪ್ರಿಂಗ್ ಕೂರಿಸಿದರು, ಮುಂದಿನ ಚಕ್ರ ಇನ್ನಷ್ಟು ಹೊರಳುವಂತೆ ಸ್ಟೀರಿಂಗ್ ರಾಡುಗಳನ್ನು ಬದಲಾಯಿಸಿದರು. ಎಲ್ಲದರ ಮೇಲೂ ಗೀಟು.

ಕ್ಲಬ್ಬಿನ ಡ್ರಿಫ್ಟ್ ಪಂದ್ಯದ ಬೆಳಿಗ್ಗೆ, ಮೈದಾನದ ಪಕ್ಕದ ನಮ್ಮ ಡೇರೆಯಲ್ಲಿ, ನನಗೆ ಮುಂದಿನ ಚಕ್ರಗಳು ಇನ್ನೂ ಸ್ವಲ್ಪ ಹೊರಗೆ ತೆರೆದುಕೊಂಡರೆ ಚೆನ್ನ ಎನಿಸಿತು. ಭಾವ ಒಪ್ಪಲಿಲ್ಲ. ಇನ್ನೂ ಬಿಚ್ಚಿದರೆ ರಾಡು ಕಚ್ಚಿಕೊಳ್ಳುವುದಕ್ಕೆ ತಿರುಪಿನ ಥ್ರೆಡ್ ಉಳಿಯುವುದಿಲ್ಲ ಎಂದು ಹೇಳಿ ನೀರು ತರಲು ಹೋದರು. ಇವರೇನು ಓಡಿಸುತ್ತಾರಾ, ಓಡಿಸುವವನು ನಾನು ಎಂದುಕೊಂಡು ಕಾರಿನಡಿ ನುಗ್ಗಿ, ಎಡಗಡೆಯ ನಟ್ಟು ಸಡಿಲಿಸಿ ರಾಡನ್ನು ಎರಡು ಸುತ್ತು ತಿರುಗಿಸಿದೆ. ಅಷ್ಟರಲ್ಲಿ ಮೈಕಿನಲ್ಲಿ ನನ್ನ ನಂಬರ್ ಕೂಗಿದರು. ನಟ್ಟನ್ನು ಬೆರಳಲ್ಲೇ ತಿರುವಿ ಎದ್ದುಬಿಟ್ಟೆ.

ಮೂರನೆಯ ತಿರುವಿನಲ್ಲಿ ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರಾಯಿತು. ಒಂದು ಚಕ್ರ ಒಂದು ಕಡೆಗೆ, ಇನ್ನೊಂದು ಇನ್ನೊಂದು ಕಡೆಗೆ. ಬಾವುಟ ಹಿಡಿದು ನಿಂತಿದ್ದವನು ಹಾರಿ ತಪ್ಪಿಸಿಕೊಂಡ, ನಾನು ಟಯರ್ ಗೋಡೆಗೆ ಹೋಗಿ ಗುದ್ದಿದೆ. ಮಣಿಕಟ್ಟು ಉಳುಕಿತು, ಅಷ್ಟೇ.

ಕಾರನ್ನು ಎಳೆದು ತಂದು ನಮ್ಮ ಡೇರೆಯ ಮುಂದೆ ಬಿಟ್ಟರು. ಭಾವ ಜ್ಯಾಕ್ ತರಲು ಓಡಿದರು. ನಾನು ಬಗ್ಗಿ ನೋಡಿದೆ. ರಾಡು ಕಿತ್ತು ಬಂದಿತ್ತು. ನಟ್ಟು ರಾಡಿನಲ್ಲೇ ಉಳಿದಿತ್ತು, ಗೀಟು ಮಾತ್ರ ತುಂಡಾಗಿ ಒಂದು ಚೂರು ಮೇಲೆ, ಒಂದು ಚೂರು ಕೆಳಗೆ. ಭಾವ ನೋಡಿದರೆ ಒಂದೇ ಕ್ಷಣ, ಅವರ ನಂತರ ಯಾರೋ ಕೈ ಹಾಕಿದ್ದಾರೆಂದು ಗೊತ್ತಾಗುತ್ತಿತ್ತು. ನಾನಲ್ಲದೆ ಇನ್ಯಾರು? ಪಕ್ಕದಲ್ಲಿ ಬಣ್ಣ ಒರೆಸುವ ಥಿನ್ನರ್‌ನಲ್ಲಿ ನೆನೆದ ಬಟ್ಟೆ ಬಿದ್ದಿತ್ತು. ಅದನ್ನು ತೆಗೆದುಕೊಂಡು ಗೀಟು ಒರೆಸಿಬಿಟ್ಟೆ. ಇದನ್ನು ಬರೆಯುವಾಗಲೂ ಮುಖ ಸುಡುತ್ತದೆ.

ಅಷ್ಟಕ್ಕೇ ಬಿಟ್ಟೆನಾ? ಇಲ್ಲ. ಕ್ಲಬ್ಬಿನವರೆಲ್ಲ ಸುತ್ತ ಸೇರಿದ ಮೇಲೆ ಗಂಟಲು ಹರಿಯುವಂತೆ ಕೂಗಿದೆ.

"ಗೀಟು ಗೀಟು ಅಂತ ಜಂಭ ಕೊಚ್ಕೋತಿದ್ರಲ್ಲ, ಎಲ್ಲಿದೆ ಇಲ್ಲಿ ಗೀಟು? ನನ್ನ ಸಾಯಿಸೋಕೆ ಹೊರಟಿದ್ರಾ?"

ಭಾವ ಮಂಡಿಯೂರಿ ಟಾರ್ಚ್ ಬೆಳಕು ಬಿಟ್ಟು ನೋಡಿದರು. ಬಲಗಡೆ ಹಳದಿ ಹೊಳೆಯುತ್ತಿತ್ತು, ಎಡಗಡೆ ಬೋಳು. ತುಂಬ ಹೊತ್ತು ನೋಡಿದರು.

"ಗೀಟಿಲ್ಲ ಅಂದ್ರೆ ನಾನು ಬಿಗಿ ಮಾಡಿಲ್ಲ. ತಪ್ಪು ನಂದೇ," ಎಂದರು.

ನನ್ನ ಮೇಲೆ ಅವರಿಗೆ ಒಂದು ಗುಲಗಂಜಿಯಷ್ಟೂ ಅನುಮಾನ ಬರಲಿಲ್ಲ. ಅವರು ಗೀಟನ್ನು ನಂಬುತ್ತಾರೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು, ಅದನ್ನೇ ಹಿಡಿದು ಹೊಡೆದಿದ್ದೆ.

ಅವತ್ತಿನಿಂದ ಭಾವ ಸ್ಟೀರಿಂಗ್ ಕೆಲಸ ಮುಟ್ಟಲಿಲ್ಲ. ಪಂಕ್ಚರ್ ಹಾಕುವುದು, ಟಯರಿಗೆ ಗಾಳಿ ತುಂಬುವುದು, ಅಷ್ಟೇ. ಹಳೆಯ ಗಿರಾಕಿಗಳು ಬಂದರೆ ಬೇರೆ ಕಡೆ ಕಳಿಸುತ್ತಿದ್ದರು. ಮನೆಗೆ ಬೀಗ ಹಾಕಿ ರಸ್ತೆಯ ತಿರುವಿನವರೆಗೆ ಹೋಗಿ, ವಾಪಸ್ ಬಂದು ಬೀಗ ಜಗ್ಗಿ ನೋಡುತ್ತಾರೆ, ಒಂದು ಸಲವಲ್ಲ, ನಾಲ್ಕು ಸಲ ಎಂದು ಅಕ್ಕ ಹೇಳುತ್ತಿದ್ದಳು. ನಲ್ಲಿ, ಗ್ಯಾಸ್, ಎಲ್ಲವೂ ಹಾಗೇ. ನಾನು ಹೋದಾಗಲೆಲ್ಲ ಕುರ್ಚಿ ಎಳೆದು ಕೊಟ್ಟು, ಕೈ ನೋವು ಹೋಯಿತಾ ಎಂದು ಕೇಳುತ್ತಿದ್ದರು. ವಾಸಿಯಾಗಿ ಆರು ತಿಂಗಳಾಗಿದ್ದರೂ ಕೇಳುತ್ತಿದ್ದರು. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗೋಣ ಎನಿಸುತ್ತಿತ್ತು. ಆದರೂ ಚಹಾ ಕುಡಿದು ಎದ್ದು ಬರುತ್ತಿದ್ದೆ. ನನ್ನಂಥ ಹೇಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅದಾಗಿ ಎಂಟನೆಯ ತಿಂಗಳು ಅಕ್ಕ ಫೋನ್ ಮಾಡಿದಳು. ಭಾವ ಶೆಡ್ಡು ಬಿಟ್ಟುಕೊಡುತ್ತಾರಂತೆ, ನಾಳೆ ಒಬ್ಬರು ಸಾಮಾನೆಲ್ಲ ಒಯ್ಯುತ್ತಾರಂತೆ, ಯಾವುದೋ ಗೋದಾಮಿನಲ್ಲಿ ಗೇಟು ಕಾಯುವ ಕೆಲಸ ಒಪ್ಪಿಕೊಂಡಿದ್ದಾರಂತೆ.

"ನನ್ನ ಕೈನ ನಾನೇ ನಂಬಲ್ಲ ಅಂತಾರೆ ಕಣೋ," ಎಂದು ಅತ್ತಳು.

ಮಧ್ಯಾಹ್ನವೇ ಹೋದೆ. ಭಾವ ಸ್ಪ್ಯಾನರುಗಳನ್ನು ಒರೆಸಿ ಅಳತೆಯ ಪ್ರಕಾರ ಪೆಟ್ಟಿಗೆಗೆ ಹಾಕುತ್ತಿದ್ದರು. ಅಕ್ಕ ಗೋಡೆಯ ಮೊಳೆಗಳಿಗೆ ನೇತುಹಾಕಿದ್ದನ್ನೆಲ್ಲ ಇಳಿಸುತ್ತಿದ್ದಳು. ಕೂರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ: ನಟ್ಟು ಸಡಿಲಿಸಿದ್ದು, ಒರೆಸಿದ್ದು, ಗೊತ್ತಿದ್ದೂ ಕೂಗಾಡಿದ್ದು. ನಾಳೆಯೇ ಕ್ಲಬ್ಬಿನವರ ಮುಂದೆಯೂ ಹೇಳುತ್ತೇನೆ ಎಂದೆ. ಕೆನ್ನೆಗೆ ಬಾರಿಸಲಿ ಎಂದು ಕಾದೆ.

ಭಾವ ಸ್ಪ್ಯಾನರ್ ಕೆಳಗಿಟ್ಟರು.

"ಗೀಟಿತ್ತಾ?"

"ಇತ್ತು ಭಾವ."

"ಎಡಗಡೆ ನಟ್ಟಿನ ಮೇಲೆ? ಸರಿಯಾಗಿ ನೋಡಿದ್ಯಾ?"

"ನಾನೇ ಒರೆಸಿದ್ದು ಭಾವ."

ಅವರು ಬಯ್ಯಲಿಲ್ಲ. ಬಯ್ಯಬೇಕೆಂಬುದೇ ಅವರಿಗೆ ಹೊಳೆಯಲಿಲ್ಲ. ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಕಣ್ಣಲ್ಲಿ ನೀರು ತುಂಬಿ, ಮುಖವೆಲ್ಲ ಅರಳಿ, ಅಕ್ಕನ ಕಡೆ ತಿರುಗಿದರು.

"ಕೇಳಿದ್ಯೇನೇ? ನಾನು ಬಿಗಿ ಮಾಡಿದ್ದೆ! ಗೀಟಿತ್ತಂತೆ!"

ಅಷ್ಟು ಸಂತೋಷವನ್ನು ಆ ಮುಖದಲ್ಲಿ ನಾನು ಹಿಂದೆಂದೂ ನೋಡಿರಲಿಲ್ಲ. ಅಕ್ಕ ಅವರನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತ ನಿಂತಿದ್ದಳು.